ಎರಡು ಬೆರಳು ಓರೆಯಾದ ಹಲಗೆ

ಮಾರ್ಚ್ ೧೮

ಇವತ್ತು ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಹೊರಬಂದ ಕಾಲು ನನ್ನದೆಂದು ನಂಬುವುದೇ ಕಷ್ಟವಾಯಿತು. ತೆಳ್ಳಗೆ, ಬಿಳಿಚಿಕೊಂಡು, ಸಿಪ್ಪೆ ಏಳುತ್ತಾ, ಕೋಳಿ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಕಾಲಿನ ಹಾಗಿತ್ತು. ಆಸ್ಪತ್ರೆಯ ಹುಡುಗಿ, "ಚೆನ್ನಾಗಿ ಕೂಡಿಕೊಂಡಿದೆ ಅಮ್ಮಾ" ಎಂದಳು. ನಿನಗೇನು ಗೊತ್ತು ಚೆನ್ನಾಗಿ ಅಂದರೆ ಏನೆಂದು ಅಂದುಕೊಂಡೆ.

ಈ ನೋಟ್‌ಬುಕ್ಕನ್ನು ಇವತ್ತೇ ಕೊಂಡೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅರ್ಜೆಂಟೀನಾಕ್ಕೆ ಹೋದ ಚಿಕ್ಕಮ್ಮನಿಗೆ ಪತ್ರ ಬರೆಯುತ್ತಾ ಬರೆಯುತ್ತಾ ಬರೆಯುವುದು ಕಲಿತೆ. ಈಗ ಅವಳ ಮಕ್ಕಳಿಗೆ ಬರೆಯುತ್ತೇನೆ. ಅವರಿಗೆ ಬರೆಯುವಾಗ ಎಲ್ಲರೂ ಸೌಖ್ಯ, ಗಾಳಿ ತಣ್ಣಗಿದೆ, ನೀವು ಹುಷಾರು ಎಂದೇ ಬರೆಯುವುದು. ಸಿಟ್ಟನ್ನು ಅಷ್ಟು ದೂರ ಕಳಿಸಬಾರದು. ಅದಕ್ಕೇ ಇದು.

ಲಾಂಚಿನಿಂದ ನಮ್ಮ ಜುದೆಕ್ಕಾ ದ್ವೀಪದ ಕಟ್ಟೆಯ ಮೇಲೆ ಇಳಿಯುತ್ತಿದ್ದ ಹಾಗೆ ಫುಲ್ವಿಯಾ ಸಿಕ್ಕಳು. ನಮ್ಮ ಹೆಂಗಸರ ದೋಣಿ ಸಂಘಕ್ಕೆ ಅವಳು ಯಜಮಾನಿ. ನನ್ನ ಊರುಗೋಲನ್ನೇ ನೋಡಿಕೊಂಡು ಮಾತಾಡಿದಳು.

"ನೋಡು ಎಲಿದೆ, ಬೇಜಾರ್ ಮಾಡ್ಕೋಬೇಡ. ಜೂನ್‌ನಲ್ಲಿ ಹಿನ್ನೀರು ಸುತ್ತೋ ದಿನ ದೋಣಿ ಹಿಂತುದೀಲಿ ನಿನ್ನ ಜಾಗಕ್ಕೆ ಮೊರೇನಾ ನಿಲ್ಲಲಿ ಅಂತ ಎಲ್ರೂ ಮಾತಾಡ್ಕೊಂಡಿದೀವಿ."

"ಎಲ್ರೂ ಅಂದ್ರೆ ಯಾರ್ಯಾರು? ನಾನು ಅದ್ರಲ್ಲಿ ಸೇರಲ್ವಾ?"

"ನೀನು ಪ್ಲಾಸ್ಟರ್‌ನಲ್ಲಿದ್ಯಲ್ಲ."

"ಕಾಲು ಪ್ಲಾಸ್ಟರ್‌ನಲ್ಲಿತ್ತು. ಬಾಯಿ ಇರ್ಲಿಲ್ಲ."

ಆರು ಹೆಂಗಸರು, ಆರು ಹುಟ್ಟು, ಎಲ್ಲರೂ ನಿಂತೇ ಹಾಕುವುದು, ಮುಂದಕ್ಕೆ ಮುಖ ಮಾಡಿ. ಚುಕ್ಕಾಣಿ ಎಂಬುದಿಲ್ಲ. ಹಿಂತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಎತ್ತರದ ಹಲಗೆಯ ಮೇಲೆ ನಿಂತವಳ ಹುಟ್ಟೇ ಚುಕ್ಕಾಣಿ. ಅಲೆ ಬಂದರೆ ಕೂಗಿ ಹೇಳುವವಳೂ ಅವಳೇ. ಇಪ್ಪತ್ತೆರಡು ವರ್ಷ ಅಲ್ಲಿ ನಾನು ನಿಂತಿದ್ದೇನೆ. ಫೆಬ್ರವರಿಯಲ್ಲಿ ನೀರಿಳಿದ ಹೊತ್ತು ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಒಂದೇ ಸಲ ಜಾರಿದೆ. ಆ ಒಂದು ಸಲ ಸಾಕಾಯಿತು ಇವರಿಗೆ.

ಕೊನೆಗೆ ಫುಲ್ವಿಯಾ ಒಂದು ಮಾತು ಕೊಟ್ಟಳು. ಮೇ ಇಪ್ಪತ್ತನಾಲ್ಕರೊಳಗೆ ಕಾಲು ಗಟ್ಟಿಯಾಗಿದೆ ಎಂದು ಫಿಸಿಯೊ ಕಡೆಯಿಂದ ಕಾಗದ ತಂದರೆ ಜಾಗ ನನ್ನದೇ.

ಮಾರ್ಚ್ ೨೧

ಫಿಸಿಯೊ ಹುಡುಗಿಯ ಹೆಸರು ಗ್ರೇತಾ. ನನ್ನ ಮೊಮ್ಮಗಳ ವಯಸ್ಸು ಇರಬಹುದು, ಮೊಮ್ಮಗಳಿದ್ದಿದ್ದರೆ. ಎಡಗಾಲ ಮೇಲೆ ಒಂಟಿಯಾಗಿ ನಿಂತು ಕಣ್ಣು ಮುಚ್ಚಿ ಎಂದಳು. ಮೂವತ್ತು ಸೆಕೆಂಡ್ ನಿಂತರೆ ಕಾಗದ. ನಾನು ನಾಲ್ಕು ಸೆಕೆಂಡ್ ನಿಂತೆ.

ದಿನವೂ ತೂಗುಹಲಗೆಯ ಮೇಲೆ ನಿಲ್ಲಬೇಕಂತೆ. ಒಂದು ಹಲಗೆ, ಅದರ ಅಡಿಯಲ್ಲಿ ಅರ್ಧಗೋಲದ ಒಂದು ದಿಂಡು. ಹತ್ತಿ ನಿಂತರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಸಮವಾಗಿ ನಿಲ್ಲಿಸುವ ಕೆಲಸ ಕಾಲಿನ ಹರಡಿನದು. ಕಾಗದದ ಮೇಲೆ ಚಿತ್ರ ಬರೆದುಕೊಟ್ಟು, "ಮನೇಲೇ ಮಾಡ್ಕೋಬಹುದು. ಮರಗೆಲಸ ಗೊತ್ತಿರೋರು ಯಾರಾದ್ರೂ ಇದಾರಾ?" ಎಂದು ಕೇಳಿದಳು.

ನಗು ಬಂತು. ಐವತ್ತು ವರ್ಷ ಗೊಂಡೋಲಾ ದೋಣಿ ಕಟ್ಟಿದವನ ತಂಗಿಯನ್ನು ಕೇಳುವ ಪ್ರಶ್ನೆಯೇ ಇದು.

ಆಮೇಲೆ ನಗು ಹೋಯಿತು. ಅವನ ಮನೆಗೆ ಹೋಗಬೇಕಲ್ಲ.

ಮಾರ್ಚ್ ೨೨

ಹೋದೆ. ನನ್ನ ಬಾಗಿಲಿನಿಂದ ಅಣ್ಣ ಇಲಾರಿಯೊನ ಬಾಗಿಲಿಗೆ ಹನ್ನೆರಡು ಹೆಜ್ಜೆ. ಕ್ರಿಸ್ಮಸ್ಸಿನಿಂದ ಆ ಹನ್ನೆರಡು ಹೆಜ್ಜೆಯನ್ನು ಅವನೂ ಹಾಕಿಲ್ಲ, ನಾನೂ ಹಾಕಿಲ್ಲ. ಅವತ್ತು ನಮ್ಮ ಮನೆಯ ಮೇಜಿನಲ್ಲಿ ಅವನ ಕೈಯಿಂದ ಸೂಪಿನ ಬಟ್ಟಲು ಬಿತ್ತು. ಅಮ್ಮನ ಕಾಲದ ಬಟ್ಟಲು. ಎರಡು ವರ್ಷದಿಂದ ಅವನ ಕೈ ನಡುಗುತ್ತದೆ, ಅದಕ್ಕೇ ಕಾರ್ಖಾನೆ ಮುಚ್ಚಿದ್ದು. ನಾನು ಏನೋ ಅಂದೆ. ಏನಂದೆ ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವನು ಎದ್ದು ಹೋದ. ಇಷ್ಟಕ್ಕೆ ಮೂರು ತಿಂಗಳು ಮುಖ ಉಬ್ಬಿಸುತ್ತಾರೆಯೇ ಯಾರಾದರೂ?

ಬಾಗಿಲು ತೆಗೆದು ನನ್ನ ಕಾಲು ನೋಡಿದ.

"ಮೆಟ್ಟಿಲ ಮೇಲೆ ಪಾಚಿ ಇರತ್ತೆ ಅಂತ ಗೊತ್ತಿರ್ಲಿಲ್ವಾ ನಿಂಗೆ? ಅರವತ್ತೆಂಟು ವರ್ಷ ಆಯ್ತು ಈ ಊರಲ್ಲಿ."

"ಹೇಗಿದೀಯ ಅಂತ ಕೇಳಕ್ಕಾಗಲ್ವಾ ಅಣ್ಣ?"

"ಕಾಣ್ತಾ ಇದ್ಯಲ್ಲ."

ಚಿತ್ರ ಕೊಟ್ಟೆ. ಕನ್ನಡಕ ಏರಿಸಿ ನೋಡಿದ, ತಿರುಗಿಸಿ ನೋಡಿದ, ಮಡಚಿ ಜೇಬಿನಲ್ಲಿಟ್ಟುಕೊಂಡ. "ಮುಂದಿನ ವಾರ," ಎಂದು ಬಾಗಿಲು ಹಾಕಿಕೊಂಡ. ಒಳಗೆ ಬಾ ಎನ್ನಲಿಲ್ಲ.

ಮಾರ್ಚ್ ೨೭

ಹಲಗೆ ಬಂತು. ಮೇಲೆ ಲಾರ್ಚ್ ಮರ, ಕೆಳಗಿನ ದಿಂಡಿಗೆ ಓಕ್. ಮೂಲೆಗಳನ್ನೆಲ್ಲ ಕೈಗೆ ಹಿತವಾಗುವಂತೆ ದುಂಡಗೆ ಮಾಡಿದ್ದ. ನಡುಗುವ ಕೈಯಲ್ಲಿ ಹೇಗೆ ಮಾಡಿದನೋ. ಅಡುಗೆಮನೆಯಲ್ಲಿ ಇಟ್ಟುಕೊಂಡು ಮೇಲೆ ಹತ್ತಿದೆ.

ಬಲಕ್ಕೆ ಬಿದ್ದೆ. ಮೊಣಕೈ ಒಲೆಯ ಅಂಚಿಗೆ ಬಡಿಯಿತು.

ಮತ್ತೆ ಹತ್ತಿದೆ. ಮತ್ತೆ ಬಲಕ್ಕೇ.

ಮಾರ್ಚ್ ೨೮

ಮೊಣಕೈ ಬದನೆಕಾಯಿ ಬಣ್ಣಕ್ಕೆ ತಿರುಗಿದೆ.

ಮಾರ್ಚ್ ೩೦

ಇವತ್ತು ಹಲಗೆಯನ್ನು ಮಗುಚಿ ಹಾಕಿ ಹೊಲಿಗೆಯ ಟೇಪಿನಲ್ಲಿ ಅಳೆದೆ. ದಿಂಡು ನಡುವೆ ಇಲ್ಲ. ಎರಡು ಬೆರಳು ಎಡಕ್ಕಿದೆ. ಅದಕ್ಕೇ ಬಲಭಾಗ ಭಾರ, ಅದಕ್ಕೇ ನಾನು ಬೀಳುವುದು.

ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಊರುಗೋಲು ಬಿಟ್ಟೇ ಹನ್ನೆರಡು ಹೆಜ್ಜೆ ಹೋದೆ. ಆಗ ಊರುಗೋಲು ಮರೆತದ್ದು ಗಮನಕ್ಕೇ ಬರಲಿಲ್ಲ.

"ನನ್ನ ಕೊಲ್ಲಬೇಕು ಅಂತಿದೀಯಾ? ಇದು ಓರೆ ಇದೆ."

"ಇದೆ."

"ಗೊತ್ತಿದ್ದೂ ಮಾಡಿದ್ಯಾ?"

ಅವನು ಹಲಗೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದ. ಅವನಿಗೇ ಈಗ ಗೊತ್ತಾಗುತ್ತಿದೆ ಎಂದು ನನಗೆ ಹೊಳೆಯಿತು.

"ಗೊಂಡೋಲಾ ಓರೆ ಅಲ್ವೇನೆ? ಎಡ ಅಗಲ, ಬಲ ಕಿರಿದು. ಖಾಲಿ ಇದ್ದಾಗ ಬಲಕ್ಕೆ ವಾಲಿರತ್ತೆ. ಎಡಗಡೆ ಮನುಷ್ಯ ನಿಂತ ಮೇಲೆ ನೆಟ್ಟಗಾಗೋದು. ಐವತ್ತು ವರ್ಷ ಹಾಗೇ ಮಾಡಿದೀನಿ. ಕೈ ತಾನೇ ಹೋಗ್ಬಿಡ್ತು."

"ನಾನು ಗೊಂಡೋಲಾ ಕೇಳಿದ್ನಾ? ಹಲಗೆ ಕೇಳಿದ್ದು."

"ಹಾಗಾದ್ರೆ ಎಡಗಾಲ ಮೇಲೆ ಭಾರ ಹಾಕಿ ನಿಲ್ಲು. ಮುರಿದಿರೋದು ಎಡಗಾಲೇ ತಾನೆ. ದುಡೀಲಿ ಅದು."

ಸಿಟ್ಟಿನಲ್ಲಿ ಅಲ್ಲೇ ಅವನ ಮುಂದೆ ಹತ್ತಿ ನಿಂತೆ. ಭಾರವನ್ನೆಲ್ಲ ಎಡಕ್ಕೆ ಹಾಕಿದೆ. ನಿಂತಿತು. ಒಂಬತ್ತು ಎಣಿಸಿದ. ಇಳಿದು ಬಂದೆ, ಥ್ಯಾಂಕ್ಸ್ ಹೇಳಲಿಲ್ಲ.

ಏಪ್ರಿಲ್ ೪

ಹದಿನಾಲ್ಕು.

ಏಪ್ರಿಲ್ ೭

ಬೆಳಿಗ್ಗೆ ಏಳಕ್ಕೆ ಇಲಾರಿಯೊ ಬರುತ್ತಾನೆ, ಎಣಿಸಲು. ನಾನು ಕರೆದದ್ದಲ್ಲ. ನಾನು ಎಣಿಸಿದರೆ ಬೇಗಬೇಗ ಎಣಿಸುತ್ತೇನಂತೆ, ಮೋಸಗಾತಿಯಂತೆ. ಬಂದವನಿಗೆ ಕಾಫಿ ಕೊಡದೆ ಇರಲು ಆಗುತ್ತದೆಯೇ? ಲೋಟವನ್ನು ಅರ್ಧ ಮಾತ್ರ ತುಂಬಿಸುತ್ತೇನೆ. ಎರಡು ಸಲ ಕೊಡುತ್ತೇನೆ. ಕಾಫಿ ವೃಥಾ ಖರ್ಚು.

ಕಿಟಕಿಯಲ್ಲಿ ನಮ್ಮ ದೋಣಿ ಹೋಯಿತು. ಹಿಂತುದಿಯಲ್ಲಿ ಮೊರೇನಾ. ತಿರುವಿನಲ್ಲಿ ಹುಟ್ಟನ್ನು ಬಹಳ ಆಳ ಇಳಿಸುತ್ತಾಳೆ, ಕೊಳದಲ್ಲಿ ಉಂಗುರ ಹುಡುಕುವವಳ ಹಾಗೆ. ತಲೆ ಎತ್ತುವುದೇ ಇಲ್ಲ. ನನ್ನ ಮುಂದಿನ ಹುಟ್ಟಿನಲ್ಲಿ ಒಂಬತ್ತು ವರ್ಷ ನಿಂತು ಇಷ್ಟೇ ಕಲಿತದ್ದು.

"ಚೆನ್ನಾಗೇ ಹಾಕ್ತಾಳಲ್ಲ," ಎಂದ ಇಲಾರಿಯೊ.

"ನೀನು ಎಣಿಸು."

ಏಪ್ರಿಲ್ ೧೯

ಮೊರೇನಾ ಬಂದಿದ್ದಳು. ಕೈಯಲ್ಲಿ ಒಂದು ಬುಟ್ಟಿ ಎಳೆ ಪಲ್ಲೆಹೂವು, ತರಕಾರಿ ಹಾಗೆ ತಿನ್ನುವ ಮೊಗ್ಗು. ಮೀನಿನ ಮಾರುಕಟ್ಟೆಯಲ್ಲಿ ಕೆಲಸ ಅವಳಿಗೆ, ಉಗುರಿನಲ್ಲಿ ಇನ್ನೂ ಹುರುಪೆ ಅಂಟಿತ್ತು. ನಲವತ್ನಾಲ್ಕು ವರ್ಷದವಳು ಬಾಗಿಲಲ್ಲಿ ನಿಂತು ಸ್ಕೂಲಿನ ಹುಡುಗಿಯ ಹಾಗೆ ಕಾಲು ಬದಲಾಯಿಸುತ್ತಿದ್ದಳು.

"ಅಕ್ಕಾ, ಆ ಉತ್ತರದ ತಿರುವಲ್ಲಿ ದೋಣಿ ಬಾಲ ಜಾರ್ತದೆ ನಂಗೆ. ನೀವು ಹೇಗೆ ಹಿಡೀತಿದ್ರಿ ಅಂತ ಕೇಳೋಣ ಅಂತ…"

"ಜಾಗ ತಗೊಂಡಾಗ ಕೇಳಿದ್ಯಾ ನನ್ನ? ತಿರುವೂ ನೀನೇ ತಗೋ."

ಬುಟ್ಟಿ ಅಲ್ಲೇ ಇಟ್ಟು ಹೋದಳು. ನಾನು ಪಲ್ಲೆಹೂವನ್ನು ಮುಟ್ಟಲಿಲ್ಲ. ಇಲಾರಿಯೊ ಎಣ್ಣೆ, ಉಪ್ಪು ಹಾಕಿಕೊಂಡು ಹಸಿಯಾಗೇ ಅಷ್ಟನ್ನೂ ತಿಂದ. "ಸಿಟ್ಟು ನಿಂದು. ಪಲ್ಲೆಹೂವು ಏನ್ ಮಾಡಿತ್ತು?" ಎಂದ.

ಏಪ್ರಿಲ್ ೨೮

ಇಪ್ಪತ್ತೊಂಬತ್ತು. ಹಲಗೆಯ ಮೇಲೆ, ಕಣ್ಣು ಮುಚ್ಚಿ. ಇಲಾರಿಯೊ ಗೋಡೆಗೆ ಒರಗಿಕೊಂಡು ಎಣಿಸುತ್ತಿದ್ದವನು ಇಪ್ಪತ್ತೈದರ ನಂತರ ಧ್ವನಿ ಇಳಿಸಿದ. ಕೂಗಿದರೆ ನಾನು ಬೀಳುತ್ತೇನೆ ಎಂದು. ಮಧ್ಯಾಹ್ನ ಬಟಾಣಿ ಅನ್ನ ಮಾಡಿದ್ದೆ. ಇಬ್ಬರೂ ಉಂಡೆವು.

ಮೇ ೨

ಹಾಳಾಗಿ ಹೋಗಲಿ.

ಗ್ರೇತಾಳ ಮುಂದೆ ನೆಲದ ಮೇಲೆ ಎಡಗಾಲಲ್ಲಿ ನಿಂತು ಕಣ್ಣು ಮುಚ್ಚಿದೆ. ಹನ್ನೊಂದಕ್ಕೆ ಎಡಕ್ಕೆ ಬಿದ್ದೆ. ಮತ್ತೆ ನಿಂತೆ. ಹತ್ತಕ್ಕೆ ಎಡಕ್ಕೇ. ಅವಳು ಮೀನಖಂಡದ ಸುತ್ತಳತೆ ತೆಗೆದು, ಕಾಲಿಗೆ ಶಕ್ತಿ ಚೆನ್ನಾಗಿ ಬಂದಿದೆ, ಆದರೆ ದೇಹ ಎಡಕ್ಕೆ ವಾಲುವುದನ್ನು ಕಲಿತಿದೆ ಎಂದಳು. ಹಲಗೆ ಹೇಗಿದೆ ಎಂದು ಕೇಳಿದಳು. ಹೇಳಿದೆ.

"ಯಾರಮ್ಮಾ ಅದನ್ನ ಮಾಡಿದ್ದು? ನಡು ಎಲ್ಲಿದೆ ಅಂತಾನೂ ಗೊತ್ತಿಲ್ವಾ ಅವ್ರಿಗೆ?"

ಆಮೇಲೆ ನಾನು ಆಡಿದ ಮಾತಿಗೆ ಪಕ್ಕದ ಕೋಣೆಯವರೂ ಬಂದು ಇಣುಕಿದರು. ನಡು ಎಲ್ಲಿದೆ ಎಂದು ಅವನಿಗೆ ಗೊತ್ತು, ಈ ಊರಿನಲ್ಲಿ ಅವನಷ್ಟು ಗೊತ್ತಿರುವವರು ಮೂರು ಜನ ಇಲ್ಲ, ನಡುವನ್ನು ಬೇಕೆಂದೇ ಎಷ್ಟು ಸರಿಸಬೇಕು ಎಂಬುದಕ್ಕೆ ಐವತ್ತು ವರ್ಷ ಹಿಡಿಯುತ್ತದೆ, ನೀನು ಕುಳಿತು ಬರುವ ದೋಣಿ ಮಗುಚದೆ ಇರುವುದು ಅಂಥವರಿಂದ, ಬಾಯಿ ತೊಳೆದುಕೊಂಡು ಮಾತಾಡು. ಹೀಗೆಲ್ಲ. ಪಾಪ, ಆ ಹುಡುಗಿ ಒಂದು ಲೋಟ ನೀರು ಕೊಟ್ಟಳು.

ಲಾಂಚಿನಲ್ಲಿ ದಾರಿಯುದ್ದಕ್ಕೂ ಇಲಾರಿಯೊನನ್ನು ಬೈದುಕೊಂಡೇ ಬಂದೆ.

ಮೇ ೩

"ನಡುವೆ ದಿಂಡಿರೋ ಇನ್ನೊಂದು ಹಲಗೆ ಬೇಕು," ಎಂದೆ.

"ನನ್ನಿಂದ ಆಗಲ್ಲ."

"ಯಾಕಾಗಲ್ಲ?"

ಕೈ ಎರಡನ್ನೂ ಮೇಜಿನ ಮೇಲಿಟ್ಟ. ಬಲಗೈ ಮೇಜಿನ ಮೇಲೆ ಟಕಟಕ ಸದ್ದು ಮಾಡುತ್ತಿತ್ತು. "ಮೊದಲನೇದಕ್ಕೆ ಐದು ದಿನ ಹಿಡೀತು. ಮೂರು ಮರದ ತುಂಡು ಹಾಳು ಮಾಡಿದೆ, ನಿಂಗೆ ಹೇಳಲಿಲ್ಲ. ನೇರ ಮಾಡ್ತೀನಿ ಅಂತ ಕೂತ್ರೂ ಕೈ ಓರೆಗೇ ಹೋಗತ್ತೆ, ನೀನೇ ನೋಡಿದ್ಯಲ್ಲ. ಈಗ ಅದೂ ಆಗಲ್ಲ ತಂಗಿ. ನೀನು ಮಾಡು. ನಾನು ನೋಡ್ತೀನಿ."

"ಮೂವತ್ತೊಂದು ವರ್ಷ ಹೋಟೆಲ್ ಬೆಡ್‌ಶೀಟ್ ಒಗೆದೋಳು ನಾನು. ಮರ ಹೆರೆಯೋ ಹತ್ತರಿ ಹಿಡಿಯೋಕೆ ಬರತ್ತಾ ನಂಗೆ?"

"ಬೆಡ್‌ಶೀಟ್ ಮಡಚೋಳಿಗೆ ಮೂಲೆ ಸೇರಿಸೋದು ನಾನು ಹೇಳ್ಕೊಡಬೇಕಾ?"

ಮೇ ೬

ಹತ್ತರಿ ಹೊಡೆಯುವಾಗ ಮರ ಕಿತ್ತು ಬಂತು. "ನಾರಿಗೆ ಎದುರು ಹೊಡೀತಿದೀಯ, ಬೆಕ್ಕಿನ ಮೈ ತಿರುಗಾ ಸವರಿದ ಹಾಗೆ," ಎಂದ. ಹಾಗಾದರೆ ಮೊದಲೇ ಹೇಳಬಾರದಿತ್ತೆ ಎಂದು ಹತ್ತರಿ ಕುಕ್ಕಿ ಎದ್ದೆ. ಆಮೇಲೆ ಮರವನ್ನು ತಿರುಗಿಸಿಟ್ಟು ನಾನೇ ಶುರು ಮಾಡಿದೆ.

ಮೇ ೯

ನಡು ಹುಡುಕುವುದಕ್ಕೆ ಅವನು ಟೇಪು ಮುಟ್ಟಗೊಡಲಿಲ್ಲ. ಒಂದು ದಾರವನ್ನು ಹಲಗೆಯ ಅಗಲಕ್ಕೆ ಹಿಡಿ, ಕತ್ತರಿಸು, ಎರಡಾಗಿ ಮಡಚು, ಮಡಿಕೆ ಬಿದ್ದಲ್ಲಿ ಗುರುತು ಹಾಕು ಎಂದ. ಅಷ್ಟೇ. ಮೂರು ಕಡೆ ಹಾಗೆ ಮಾಡಿದೆ. ಗುರುತುಗಳ ಮೇಲೆ ಪೆನ್ಸಿಲ್ ಎಳೆದೆ. ದಿಂಡನ್ನು ಇಟ್ಟು ಹಿಂದೆ ಸರಿದೆ. ಅವನು ಒಂದು ಕಣ್ಣು ಮುಚ್ಚಿ ನೋಡಿ, "ಒಂದು ಕೂದಲು ಬಲಕ್ಕೆ," ಎಂದ. ಸರಿಸಿದೆ. "ಜಾಸ್ತಿ ಆಯ್ತು." ಮತ್ತೆ ಸರಿಸಿದೆ. "ಹಂ. ನೋಡೋಕೆ ಎಷ್ಟು ಕೆಟ್ಟದಾಗಿದೆ," ಎಂದ.

"ಏನು ಕೆಟ್ಟದು? ನೇರ ಇದೆಯಲ್ಲ."

"ಅದೇ. ಸತ್ತ ಹಾಗಿದೆ."

ಸ್ಕ್ರೂ ಬಿಗಿಯುವಾಗ ಹಲಗೆ ಜರುಗದಂತೆ ತನ್ನ ಎರಡೂ ಕೈಯಿಂದ ಒತ್ತಿ ಹಿಡಿದ. ಭಾರ ಹಾಕಿ ಒತ್ತಿದಾಗ ಅವನ ಕೈ ನಡುಗುವುದಿಲ್ಲ. ಇದನ್ನು ಅವನು ಗಮನಿಸಿದನೋ ಇಲ್ಲವೋ. ನಾನು ಏಳು ಸ್ಕ್ರೂ ಹಾಕಿದೆ, ನಾಲ್ಕು ಸಾಕಿತ್ತು.

ಮೇ ೧೦

ಹೊಸ ಹಲಗೆಯ ಮೇಲೆ ಆರು. ನಾನೇ ಮಾಡಿದ ಹಲಗೆ ನನ್ನನ್ನೇ ಬೀಳಿಸುತ್ತದೆ.

ಮೇ ೧೫

ಹದಿನೇಳು. ಅಂಗೈಯಲ್ಲಿ ಎರಡು ಬೊಬ್ಬೆ, ಹುಟ್ಟು ಹಿಡಿದು ಬರುವ ಜಾಗದಲ್ಲಲ್ಲ, ಹತ್ತರಿ ಹಿಡಿದ ಕಡೆ.

ಮೇ ೨೦

ಇಲಾರಿಯೊನಿಗೆ ಶೀತ. ಬೆಳಿಗ್ಗೆ ಬರಲಿಲ್ಲ. ಎಣಿಸುವವರಿಲ್ಲದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಸೂಪು ತೆಗೆದುಕೊಂಡು ಹೋಗಿ ಅವನ ಮಂಚದ ಪಕ್ಕ ಕೂತು ಚಮಚದಲ್ಲಿ ಕುಡಿಸಿದೆ. ಬಟ್ಟಲು ಖಾಲಿಯಾಗುವವರೆಗೂ ಕುಡಿದ. ಕ್ರಿಸ್ಮಸ್ಸಿನಂದು ನಾನು ಅಂದದ್ದು: ಕೈ ಇಟ್ಟಲ್ಲೆಲ್ಲ ಒಡೆಯುವವನನ್ನು ಮೇಜಿಗೆ ಕರೆಯಬಾರದು ಎಂದು. ಇವತ್ತು ಬರೆದಿದ್ದೇನೆ. ಸಾಕು.

ಮೇ ೨೪

ಗ್ರೇತಾ ಗಡಿಯಾರ ಒತ್ತಿದಳು. ಕಣ್ಣು ಮುಚ್ಚಿದೆ. ಯಾವ ಕಡೆಗೂ ವಾಲಲಿಲ್ಲ. ಹರಡಿನೊಳಗೆ ಸಣ್ಣದೊಂದು ಕಂಪನ ಮಾತ್ರ. ಅದು ಇರುತ್ತದೆ, ಅದು ಕೆಲಸ ಮಾಡುತ್ತಿರುವ ಸದ್ದು. ಮನಸ್ಸಿನಲ್ಲಿ ಇಲಾರಿಯೊನ ಹಾಗೆ ನಿಧಾನವಾಗಿಯೇ ಎಣಿಸುತ್ತಿದ್ದೇನೆ ಎಂದುಕೊಂಡೆ. ಕಾಲು ನೆಲಕ್ಕೆ ತಾಗಿದಾಗ ಮೂವತ್ತು ಆಗಿತ್ತು ನನ್ನ ಲೆಕ್ಕದಲ್ಲಿ.

ಗಡಿಯಾರದಲ್ಲಿ ಇಪ್ಪತ್ತಾರು.

"ತುಂಬಾ ಚೆನ್ನಾಗಿದೆ ಅಮ್ಮಾ, ನಿಮ್ಮ ವಯಸ್ಸಿಗೆ," ಎಂದಳು. ನಾಲ್ಕು ಸೆಕೆಂಡ್ ಬಿಟ್ಟುಕೊಡು ಎಂದೆ. ತಲೆ ಆಡಿಸಿದಳು. ಹಠದ ಹುಡುಗಿ, ಬೇರೆ ಸಮಯದಲ್ಲಾದರೆ ಮೆಚ್ಚುತ್ತಿದ್ದೆ. ಕಾಗದದಲ್ಲಿ ಬರೆದಳು: ಹುಟ್ಟು ಹಾಕಬಹುದು. ಎತ್ತರದ ಹಿಂತುದಿಯಲ್ಲಿ ನಿಲ್ಲುವಂತಿಲ್ಲ, ಅಕ್ಟೋಬರ್‌ವರೆಗೆ.

ಆ ಕಾಗದವನ್ನು ನಾಲ್ಕಾಗಿ ಹರಿದೆ. ಆಮೇಲೆ ಅಂಟಿಸಿದೆ, ಫುಲ್ವಿಯಾಗೆ ಕೊಡಬೇಕಲ್ಲ.

ಮೇ ೨೬

ಫುಲ್ವಿಯಾ ಐದನೇ ಹುಟ್ಟು ಕೊಟ್ಟಿದ್ದಾಳೆ, ಮೊರೇನಾಳ ಕಾಲ ಬುಡದಲ್ಲಿ. ಬರುವುದಿಲ್ಲ ಎಂದು ಹೇಳಿ ಬಂದೆ.

ಇಲಾರಿಯೊ ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದ. ಅಷ್ಟು ನಿಧಾನ, ನೋಡುವವರಿಗೆ ಹಸಿವೇ ಹೋಗಬೇಕು. ನಾನು ಬಿಡಿಸಿಕೊಡಲಿಲ್ಲ, ಅವನೇ ಬಿಡಿಸಲಿ.

"ಹೋಗದಿದ್ರೆ ಏನ್ ಮಾಡ್ತೀಯ ಆವತ್ತು?" ಎಂದ.

"ಕಿಟಕೀಲಿ ಕೂರ್ತೀನಿ."

"ನಾನು ಎರಡು ವರ್ಷ ಕೂತೆ ಕಿಟಕೀಲಿ. ಚೆನ್ನಾಗಿರಲ್ಲ."

ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ.

ಜೂನ್ ೮

ಹೋದೆ.

ಇಪ್ಪತ್ತೆರಡು ವರ್ಷ ಐದು ಬೆನ್ನುಗಳನ್ನು ನೋಡಿಕೊಂಡು ದೋಣಿ ಹಾಕಿದವಳು ನಾನು. ಇವತ್ತು ನನ್ನ ಬೆನ್ನ ಹಿಂದೆ ಒಬ್ಬಳು. ಅವಳು ಕಾಣುವುದಿಲ್ಲ, ಅವಳ ದನಿ ಕೇಳಿಸುತ್ತದೆ ಅಷ್ಟೆ. ಕತ್ತಿನ ಕೂದಲು ದಾರಿಯುದ್ದಕ್ಕೂ ನಿಮಿರಿತ್ತು. ಅವಳು ಮಾಡಿದ ತಪ್ಪುಗಳನ್ನು ಎಣಿಸಿದೆ. ಹೊರಡುವಾಗ ಕಟ್ಟೆಗೆ ತೀರಾ ಹತ್ತಿರ. ಸೇತುವೆಯ ಬಳಿ ತಡವರಿಕೆ. ಉತ್ತರದ ತಿರುವಿನಲ್ಲಿ ಬಾಲ ಜಾರಿತು, ಅವಳ ಎಡಗಾಲು ಒಳಗೆ ತಿರುಗಿತು ಎಂದು ನೋಡದೆಯೇ ತಿಳಿಯಿತು, ದೋಣಿಯ ಹಲಗೆ ನನ್ನ ಹರಡಿಗೆ ಹೇಳಿತು. ಏಳು ತಪ್ಪು.

ದ್ವೀಪ ದಾಟಿ ತೆರೆದ ಹಿನ್ನೀರಿಗೆ ಬಂದಾಗ ಯಾವನೋ ಮೋಟಾರ್ ದೋಣಿಯವನು, ಮೈಮೇಲೆ ಬಟ್ಟೆಯಿಲ್ಲದ ಮೂರು ಜನರನ್ನು ಕೂರಿಸಿಕೊಂಡು, ಸರ್ರನೆ ಅಡ್ಡ ಹೋದ. ಅವನ ಹಿಂದಿನ ಅಲೆ ಇನ್ನೂ ನೀರಿನ ಬಣ್ಣದಲ್ಲೇ ಕರಗಿತ್ತು, ನನಗೆ ಕಂಡಿರಲಿಲ್ಲ. ಆಗಲೇ ಹಿಂದಿನಿಂದ ಕೂಗು ಬಂತು.

"ಎಡಕ್ಕೆ ಅಲೆ, ಮಂಡಿ ಸಡಿಲ ಬಿಡಿ!"

ಬಿಟ್ಟೆ. ಆರೂ ಜನರ ಮಂಡಿ ಒಟ್ಟಿಗೆ ಬಗ್ಗಿದವು. ಅಲೆ ಅಡಿಯಿಂದ ಹೋಯಿತು, ಯಾರ ಹುಟ್ಟೂ ನೀರು ತಪ್ಪಲಿಲ್ಲ. ನನ್ನ ಎಡ ಹರಡು ಎಡಕ್ಕೂ ಹೋಗಿ, ಬಲಕ್ಕೂ ಹೋಗಿ, ನಡುವಿಗೆ ಬಂದು ನಿಂತಿತು.

ಅರ್ಧ ಉಸಿರು. ಹಿಂತುದಿಯಲ್ಲಿ ನಾನಿದ್ದಿದ್ದರೆ ಅರ್ಧ ಉಸಿರು ತಡವಾಗಿ ಕೂಗುತ್ತಿದ್ದೆ.

ದೋಣಿ ಕಟ್ಟಿದ ಮೇಲೆ ಅವಳನ್ನು ಪಕ್ಕಕ್ಕೆ ಎಳೆದೆ. "ಆ ಅಲೆ ಹೇಗೆ ಕಾಣ್ತು ನಿಂಗೆ?"

ಅವಳು ಹುಟ್ಟಿನ ಹಿಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದಳು. "ನಂಗೆ ಯಾವಾಗ್ಲೂ ಕಾಲಿಗೆ ಗೊತ್ತಾಗ್ಬಿಡತ್ತೆ ಅಕ್ಕಾ. ಒಂಬತ್ತು ವರ್ಷ ನಿಮ್ಮ ಮುಂದೆ ನಿಂತಿದ್ನಲ್ಲ, ನಿಮ್ಮ ಕೂಗು ಬರೋ ಮೊದ್ಲೇ ನನ್ನ ಮಂಡಿ ಬಗ್ಗಿರ್ತಿತ್ತು."

"ಮತ್ತೆ ಹೇಳಬಾರದಿತ್ತಾ?"

"ನಿಮ್ಗಾ?" ಎಂದಳು. ಉಳಿದ ನಾಲ್ವರೂ ಹಗ್ಗ ಸುತ್ತುವುದರಲ್ಲಿ ಬಹಳ ಮಗ್ನರಾದರು.

ಒಂಬತ್ತು ವರ್ಷ. ಒಂಬತ್ತು ವರ್ಷ ನನ್ನ ಕೂಗು ತಡವೆಂದು ಈ ದೋಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಬ್ಬಳೂ ಬಾಯಿ ಬಿಡಲಿಲ್ಲ. ನನ್ನ ನಾಲಿಗೆಗೆ ಹೆದರಿಕೊಂಡು ಆರು ಜನರನ್ನು ನೀರಿಗೆ ಹಾಕಲು ತಯಾರಿದ್ದರು. ಬರೆಯುತ್ತಿರುವಾಗಲೂ ಮೈ ಉರಿಯುತ್ತಿದೆ. ಯಾರ ಮೇಲೆ ಎಂದು ಇಲಾರಿಯೊ ಕೇಳಿದ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ತೊಳಸಿದೆ. ಎರಡನೇ ಸಲ ಬಡಿಸಿಕೊಂಡ, ತಾನೇ.

ಅಲೆ ತಿಳಿಯುವುದು ಅವಳಿಗೆ ಗೊತ್ತು, ತಿರುವಿನಲ್ಲಿ ನಿಲ್ಲುವುದು ಗೊತ್ತಿಲ್ಲ. ಆ ಎಡಗಾಲಿಗೆ ಒಂದು ತಿಂಗಳ ಕೆಲಸವಿದೆ. ನಾಳೆ ಮಾರುಕಟ್ಟೆಗೆ ಹೋಗುವ ಮೊದಲು, ಐದೂವರೆಗೆ ಬಾ, ಹಲಗೆ ಹತ್ತಿಸುತ್ತೇನೆ ಎಂದು ಹೇಳಿದ್ದೇನೆ. ಬರುತ್ತೀಯಾ ಎಂದು ಕೇಳಲಿಲ್ಲ. ಬರದಿದ್ದರೆ ನಾನೇ ಹೋಗಿ ಎಬ್ಬಿಸಿಕೊಂಡು ಬರುತ್ತೇನೆ.